ಧೂಪಕ್ಕೆ ದತ್ತಿ ಇದೆ, ಧೂಪಾರತಿ ಎಲ್ಲಿದೆ? ಭೀಮಾತೀರದ ಶಾಸನಗಳೂ ಎಟ್ರುಸ್ಕರ ಕಂಚೂ

ಅಫಜಲಪುರ, ಆಳಂದ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ತಿರುಗಾಡಿದವರಿಗೆ ಶಾಸನದ ಕಲ್ಲು ಹೊಸದಲ್ಲ. ಹನುಮಪ್ಪನ ಗುಡಿ ಮುಂದೆ, ಅಗಸಿ ಬಾಗಿಲ ಪಕ್ಕ, ಹೊಲದ ಬದುವಿನ ಮೇಲೆ ನಿಂತಿರುತ್ತವೆ. ಮೇಲೆ ಸೂರ್ಯ ಚಂದ್ರ, ಲಿಂಗ, ಹಸು ಕರು. ಕೆಳಗೆ ಕಲ್ಯಾಣ ಚಾಲುಕ್ಯರ ಕಾಲದ್ದೋ ಕಲಚುರಿ, ಸೇವುಣರ ಕಾಲದ್ದೋ ಆದ ಹಳಗನ್ನಡದ ಸಾಲುಗಳು. ರಾಜನ ಬಿರುದು, ಅಧಿಕಾರಿಯ ಹೊಗಳಿಕೆ, ತಿಥಿ ವಾರ ಎಲ್ಲ ದಾಟಿ ದಾನದ ಭಾಗಕ್ಕೆ ಬಂದರೆ ಒಂದು ಪದಗುಚ್ಛ ತಪ್ಪದೆ ಸಿಗುತ್ತದೆ: ಗಂಧ, ಧೂಪ, ದೀಪ, ನೈವೇದ್ಯ. ದೇವರ ಈ ಸೇವೆಗಳಿಗಾಗಿ ಇಷ್ಟು ಮತ್ತರು ಭೂಮಿ, ಇಷ್ಟು ಗದ್ಯಾಣ, ಒಂದು ಹೂದೋಟ, ಒಂದು ಗಾಣ ಕೊಟ್ಟೆವು ಅಂತ.

ಈ ನಾಲ್ಕರಲ್ಲಿ ಗಂಧ ತೇಯುವ ಸಾಣೆಕಲ್ಲು ಹಳೆಯ ಗುಡಿಗಳಲ್ಲಿ ಇನ್ನೂ ಕಾಣಸಿಗುತ್ತದೆ. ದೀಪಕ್ಕೆ ಕಲ್ಲಿನ ಕಂಬಗಳಿವೆ, ಗೋಡೆಯಲ್ಲಿ ಗೂಡುಗಳಿವೆ. ನೈವೇದ್ಯ ಬೇಯಿಸಿದ ಜಾಗವನ್ನು ಹೊಗೆಯ ಕಪ್ಪಿನ ಮೇಲೆ ಗುರುತಿಸಬಹುದು. ಧೂಪದ್ದೊಂದು ಮಾತ್ರ ಬೇರೆ ಕಥೆ. ಇದು ಚಾಲುಕ್ಯರ ಕಾಲದ್ದೇ ಅಂತ ಖಚಿತವಾಗಿ ಹೇಳಬಹುದಾದ ಧೂಪದ ಪಾತ್ರೆ ಈ ಭಾಗದ ಗುಡಿಗಳಲ್ಲಿ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಮಾತು ಉಳಿದಿದೆ, ಪಾತ್ರೆ ಉಳಿದಿಲ್ಲ. ಯಾಕೆ ಅನ್ನೋದು ಇವತ್ತಿನ ವಿಷಯ.

ಈ ಪ್ರಶ್ನೆ ಬಿಡಿಸೋದಕ್ಕೆ ನನಗೆ ನೆರವಾದದ್ದು ಇಲ್ಲಿಂದ ಬಹಳ ದೂರದ, ನಮಗಿಂತ ಬಹಳ ಹಿಂದಿನ ಒಂದು ಜನ. ಇಟಲಿಯ ಎಟ್ರುಸ್ಕರು. ಅವರಲ್ಲಿ ಪರಿಸ್ಥಿತಿ ಪೂರ್ತಿ ಉಲ್ಟಾ. ಧೂಪದ ಪಾತ್ರೆಗಳು ಬೇಕಾದಷ್ಟು ಉಳಿದಿವೆ, ಮಾತು ಬಹಳ ಕಡಿಮೆ. ಅದಕ್ಕೇ ಮೊದಲು ಅವರ ಕಡೆ ಹೋಗಿ ಬರೋಣ.

ಎಟ್ರುಸ್ಕರ ಧೂಪಕಂಬಗಳು

ರೋಮ್ ದೊಡ್ಡದಾಗುವ ಮುಂಚೆ ಮಧ್ಯ ಇಟಲಿಯಲ್ಲಿ, ಈಗಿನ ಟಸ್ಕನಿ ಮತ್ತು ಅದರ ಸುತ್ತಮುತ್ತ ಎಟ್ರುಸ್ಕರ ನಗರಗಳಿದ್ದವು. ಗ್ರೀಕರಿಂದ ಪಡೆದ ಅಕ್ಷರಗಳನ್ನು ಹೆಚ್ಚಾಗಿ ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಸುಮಾರು ೧೩ ಸಾವಿರ ಬರಹಗಳು ಸಿಕ್ಕಿವೆ. ಅಕ್ಷರ ಓದಲಿಕ್ಕೆ ಬರುತ್ತದೆ, ಆದರೆ ಬಹುಪಾಲು ಬರಹಗಳು ಒಂದೆರಡು ಪದದವು. ಹೆಸರು, ತಂದೆಯ ಹೆಸರು, ಯಾರಿಗೆ ಅರ್ಪಿಸಿದ್ದು, ಅಷ್ಟೇ. ನಮ್ಮ ಹಾಗೆ ಐವತ್ತು ಅರವತ್ತು ಸಾಲಿನ ದಾನಶಾಸನ ಅಲ್ಲಿ ಸಿಗೋದಿಲ್ಲ.

ಕಂಚಿನ ಕೆಲಸದಲ್ಲಿ ಮಾತ್ರ ಅವರದು ಎತ್ತಿದ ಕೈ. ಧೂಪದ ಪಾತ್ರೆಗೆ ಗ್ರೀಕರು ಥೈಮಿಯಾಟೀರಿಯನ್ ಅನ್ನುತ್ತಿದ್ದರು. ಈಗಿನ ವಿದ್ವಾಂಸರು ಎಟ್ರುಸ್ಕರ ಪಾತ್ರೆಗೂ ಅದೇ ಹೆಸರು ಬಳಸುತ್ತಾರೆ. ಕ್ರಿ.ಪೂ. ೭ನೇ ಶತಮಾನದಿಂದಲೇ ಇಂಥ ಪಾತ್ರೆಗಳಿದ್ದರೂ, ವಸ್ತುಸಂಗ್ರಹಾಲಯಗಳಲ್ಲಿ ನಾವು ಹೆಚ್ಚಾಗಿ ನೋಡುವುದು ಕ್ರಿ.ಪೂ. ೪ನೇ ಶತಮಾನ ಮತ್ತು ಅದರ ನಂತರದವನ್ನು. ಇವು ಎತ್ತರದಲ್ಲಿ ಹೆಚ್ಚುಕಮ್ಮಿ ಒಂದು ಮೊಳ. ಕೆಳಗೆ ಮೂರು ಕಾಲು, ಕೆಲವದರಲ್ಲಿ ಸಿಂಹದ ಪಂಜ, ಕೆಲವದರಲ್ಲಿ ಮನುಷ್ಯನ ಕಾಲು. ಅದರ ಮೇಲೆ ತೆಳ್ಳನೆಯ ಕಂಬ. ಎಷ್ಟೋ ಕಡೆ ಕಂಬವನ್ನು ತಲೆಯ ಮೇಲೆ ಹೊತ್ತ ಒಬ್ಬ ಯುವಕನೋ ಹೆಣ್ಣುಮಗಳೋ ಇರುತ್ತಾರೆ. ತುದಿಯಲ್ಲಿ ಚಿಕ್ಕ ಬಟ್ಟಲು, ಬಟ್ಟಲಿನ ಅಂಚಿನ ಮೇಲೆ ಕುಳಿತ ಪಾರಿವಾಳಗಳು. ಕಂಬದ ಮೇಲೆ ಒಂದು ಬೆಕ್ಕು ಮೇಲಕ್ಕೆ ಹತ್ತುತ್ತಾ ಇರುತ್ತದೆ. ಅದರ ಕಣ್ಣು ಮೇಲಿರುವ ಹಕ್ಕಿಯ ಮೇಲೆ. ಕೆಲವದರಲ್ಲಿ ಬೆಕ್ಕಿನ ಬದಲು ಹಾವು.

ಇದು ಬರೀ ಅಲಂಕಾರ ಅಂತ ನೋಡಿದರೆ ಅರ್ಧ ಮಾತ್ರ ನೋಡಿದಂತೆ. ಎತ್ತರದ ಕಂಬಕ್ಕೆ ಕೆಲಸ ಇದೆ. ಬಟ್ಟಲಿನಲ್ಲಿ ಕೆಂಡ, ಕೆಂಡದ ಮೇಲೆ ಅಂಟು. ಬಿಸಿ ಕೆಳಗೆ ಇಳಿಯಬಾರದು, ಹೊಗೆ ಕುಳಿತವರ ಮುಖದ ಮಟ್ಟಕ್ಕೆ ಏರಬೇಕು. ಹಾಗೆ ಏರುವ ಹೊಗೆಯ ಜೊತೆಗೇ ಬೆಕ್ಕನ್ನೂ ಏರಿಸಿದ್ದಾನೆ ಕಂಚುಗಾರ. ನೋಡುವವನ ಕಣ್ಣು ಬೆಕ್ಕಿನ ಹಿಂದೆ ಹೋಗಿ, ಹಕ್ಕಿಯ ಹತ್ತಿರ ನಿಂತು, ಅಲ್ಲಿಂದ ಹೊಗೆಯ ಹಿಂದೆ ಹೋಗುತ್ತದೆ.

ಗೋರಿಗೆ ಕೊಟ್ಟ ಮಾತು

ಇವು ಎರಡು ಸಾವಿರ ವರ್ಷ ದಾಟಿ ನಮ್ಮ ತನಕ ಹೇಗೆ ಬಂದವು? ಬಹಳಷ್ಟು ಗೋರಿಗಳಲ್ಲಿ ಸಿಕ್ಕಿವೆ. ಎಟ್ರುಸ್ಕರು ಸತ್ತವರ ಜೊತೆ ಪಾತ್ರೆ, ಕನ್ನಡಿ, ದೀಪದ ಕಂಬ, ಧೂಪದ ಕಂಬ ಎಲ್ಲ ಇಡುತ್ತಿದ್ದರು. ಒರ್ವಿಯೆಟೊ, ಬೊಲ್ಸೇನಾ ಪ್ರದೇಶದಲ್ಲಿ ಸಿಕ್ಕ ಹಲವು ಕಂಚಿನ ವಸ್ತುಗಳ ಮೇಲೆ ಒಂದು ಪದ ಕೊರೆದಿದೆ: ಸುಥಿನಾ. ಗೋರಿಗೆ ಸೇರಿದ್ದು ಅಂತ ಅದರ ಅರ್ಥ. ಕೆಲವು ಕನ್ನಡಿಗಳಲ್ಲಿ ಈ ಪದವನ್ನು ಮುಖ ಕಾಣುವ ನುಣುಪು ಬದಿಯ ಮೇಲೇ ಕೊರೆದಿದ್ದಾರೆ. ಇನ್ನು ಮೇಲೆ ಬದುಕಿದ್ದವರು ಯಾರೂ ಇದರಲ್ಲಿ ಮುಖ ನೋಡಿಕೊಳ್ಳುವ ಹಾಗಿಲ್ಲ ಅಂತ. ನಾನು ಓದಿರುವ ಬರಹಗಳಲ್ಲಿ ಇಷ್ಟು ಚಿಕ್ಕದಾಗಿ ಇಷ್ಟು ದೊಡ್ಡ ಕೆಲಸ ಮಾಡುವುದು ಬಹಳಿಲ್ಲ. ಒಂದೇ ಪದ ವಸ್ತುವನ್ನು ಬಳಕೆಯಿಂದ ಹೊರಗೆ ಹಾಕಿಬಿಟ್ಟಿದೆ.

ಬಳಕೆಯಿಂದ ಹೊರಗೆ ಹೋದದ್ದಕ್ಕೇ ಅದು ಉಳಿಯಿತು. ಇದಕ್ಕೆ ಸಾಕ್ಷಿ ಅದೇ ಊರಿನಲ್ಲಿದೆ. ಒರ್ವಿಯೆಟೊ ಇರುವ ಜಾಗದ ಹಳೆಯ ನಗರ ವೊಲ್ಸಿನಿ. ಅದನ್ನು ರೋಮನ್ನರು ಕ್ರಿ.ಪೂ. ೨೬೪ರಲ್ಲಿ ಹಾಳುಮಾಡಿ, ಉಳಿದ ಜನರನ್ನು ಬೊಲ್ಸೇನಾ ಕಡೆ ಕಳಿಸಿದರು. ಎರಡು ಸಾವಿರ ವಿಗ್ರಹಗಳ ಆಸೆಗೆ ಆ ನಗರವನ್ನು ಗೆದ್ದರು ಅನ್ನೋ ಹಳೆಯ ಆಪಾದನೆಯನ್ನು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಆ ವಿಗ್ರಹಗಳು ಎಲ್ಲಿ ಹೋದವು? ನೆಲದ ಮೇಲಿದ್ದ ಕಂಚು ಲೂಟಿಯಾಗುತ್ತದೆ, ಕರಗುತ್ತದೆ, ಇನ್ನೊಂದಾಗುತ್ತದೆ. ನೆಲದ ಕೆಳಗೆ ಸುಥಿನಾ ಅಂತ ಬರೆಸಿಕೊಂಡು ಕುಳಿತದ್ದು ಉಳಿಯುತ್ತದೆ.

ಇದನ್ನು ತಲೆಯಲ್ಲಿ ಇಟ್ಟುಕೊಂಡು ಈಗ ನಮ್ಮ ಕಲ್ಲುಗಳ ಹತ್ತಿರ ವಾಪಸ್ ಬರೋಣ.

ಸೂರ್ಯ ಚಂದ್ರ ಇರುವ ತನಕ

ನಮ್ಮ ದಾನಶಾಸನದ ಮಾತು ಸುಥಿನಾಗೆ ಎದುರು ದಿಕ್ಕಿನದು. ಮೊದಲು ಗುಡಿಯ ಆಚಾರ್ಯನ ಕಾಲು ತೊಳೆದು, ನೀರು ಎರೆದು ದಾನ ಕೊಡುತ್ತಾರೆ. ಶಾಸನದ ಭಾಷೆಯಲ್ಲಿ ಕಾಲಂ ಕರ್ಚಿ, ಧಾರಾಪೂರ್ವಕಂ. ಕೊಟ್ಟ ಭೂಮಿಗೆ ತೆರಿಗೆ ಇಲ್ಲ, ಅದು ಸರ್ವನಮಸ್ಯ. ಎಷ್ಟು ದಿನ? ಆಚಂದ್ರಾರ್ಕ, ಸೂರ್ಯ ಚಂದ್ರ ಇರುವ ತನಕ. ಕಲ್ಲಿನ ತಲೆಯ ಮೇಲೆ ಸೂರ್ಯ ಚಂದ್ರರನ್ನು ಕೆತ್ತಿರೋದು ಈ ಮಾತನ್ನು ಓದಲು ಬಾರದವರಿಗೂ ತಿಳಿಸಲಿಕ್ಕೆ. ಕೊನೆಗೆ, ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ. ಅಂದರೆ ಎಟ್ರುಸ್ಕರು ಪಾತ್ರೆಯ ಬಳಕೆ ನಿಲ್ಲಬೇಕು ಅಂತ ಬರೆದರು. ನಮ್ಮವರು ಹೊಗೆ ಎಂದೂ ನಿಲ್ಲಬಾರದು ಅಂತ ಬರೆದರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ ಅನ್ನೋದು ಪೂಜೆಯ ಐದು ಉಪಚಾರಗಳ ಸಿದ್ಧಪಟ್ಟಿ. ಶಾಸನ ಬರೆದ ಕವಿಗೆ ಅದು ಬಾಯಿಪಾಠ. ಹಾಗಾಗಿ ಸಾಲಿನಲ್ಲಿ ಧೂಪ ಅಂತ ಬಂದ ಕೂಡಲೇ ಅದಕ್ಕಾಗಿಯೇ ಬೇರೆ ಹಣ ಇಟ್ಟಿದ್ದರು ಅಂತ ತೀರ್ಮಾನ ಮಾಡಬಾರದು. ದೀಪದ ವಿಷಯ ಬೇರೆ. ನಂದಾದೀವಿಗೆಗೆ ಗಾಣದಿಂದ ಇಷ್ಟು ಎಣ್ಣೆ ಅಂತ ಲೆಕ್ಕ ಬರೆಯುವುದು ಸಾಮಾನ್ಯ, ಯಾಕಂದರೆ ಎಣ್ಣೆಯನ್ನು ಊರಿನ ಗಾಣದವರು ಕೊಡಬೇಕು, ಅದು ಒಂದು ಸುಂಕದ ಹಾಗೆ. ಧೂಪ ಹೆಚ್ಚಾಗಿ ಪಟ್ಟಿಯೊಳಗೇ ಇರುತ್ತದೆ, ಒಟ್ಟು ಭೂಮಿಯ ಉತ್ಪನ್ನದಲ್ಲಿ ಅದರ ಪಾಲು. ನೀವು ಒಂದು ಶಾಸನ ಓದುವಾಗ ಧೂಪ ಬರೀ ಪಟ್ಟಿಯಲ್ಲಿದೆಯೋ, ಅದರ ಮುಂದೆ ಅಳತೆಯೋ ಹಣವೋ ಇದೆಯೋ ಅಂತ ನೋಡಿ. ಎರಡನೆಯದಾದರೆ ಆ ಸಾಲನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ, ಅದು ಬೆಲೆಬಾಳುವ ಸಾಕ್ಷಿ.

ಪಟ್ಟಿಯ ಮಾತಾದರೂ ಹೊಗೆ ಸುಳ್ಳಲ್ಲ. ಧೂಪದ ಸರಕು ಈ ನಾಡಿನಲ್ಲಿ ಓಡಾಡುತ್ತಿತ್ತು ಅನ್ನೋದಕ್ಕೆ ಬೇರೆ ಆಧಾರಗಳಿವೆ. ಅಯ್ಯಾವೊಳೆ ಐನೂರ್ವರು ಅನ್ನೋ ದೊಡ್ಡ ವರ್ತಕ ಸಂಘದ ಪ್ರಶಸ್ತಿ ಇರುವ ೧೧ನೇ ಶತಮಾನದ ಶಿಕಾರಿಪುರದ ಶಾಸನ ಅವರ ಸರಕುಗಳನ್ನು ಹೆಸರಿಸುತ್ತದೆ. ಆನೆ, ಕುದುರೆ, ರತ್ನಗಳ ಜೊತೆ ಏಲಕ್ಕಿ, ಲವಂಗ, ಗುಗ್ಗುಳ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ ಅದರಲ್ಲಿವೆ. ಗುಗ್ಗುಳ ಅಂದರೆ ಒಣನಾಡಿನ ಒಂದು ಮುಳ್ಳುಗಿಡದ ಅಂಟು, ಧೂಪದ ಮುಖ್ಯ ಸಾಮಗ್ರಿ.

ಇನ್ನೊಂದು ಆಧಾರ ಆಳಂದಕ್ಕೆ ನೆರೆಯ ಕಲ್ಯಾಣದ್ದು, ಇವತ್ತಿನ ಬಸವಕಲ್ಯಾಣ. ಆಳಂದ ಚಾಲುಕ್ಯರ ಕಾಲದಲ್ಲಿ ಅಲಂದೆ ಸಾಸಿರ ಅನ್ನೋ ಆಡಳಿತ ವಿಭಾಗದ ಮುಖ್ಯ ಊರು. ರಾಜಧಾನಿ ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರ ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆಸಿದ. ಅದರಲ್ಲಿ ರಾಜನ ಭೋಗಗಳ ಪಟ್ಟಿಯಲ್ಲಿ ಧೂಪಭೋಗಕ್ಕೆ ಅಂತ ಒಂದು ಪ್ರಕರಣವೇ ಇದೆ. ಅದೇ ಗ್ರಂಥದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವ ವಿಧಾನವೂ ಇದೆ. ಮೊದಲು ಮೇಣದಲ್ಲಿ ಆಕಾರ ಮಾಡಬೇಕು, ಅದರ ಮೇಲೆ ಮಣ್ಣು ಮೆತ್ತಬೇಕು, ಕಾಯಿಸಿ ಮೇಣ ಹೊರಗೆ ಹರಿಸಬೇಕು, ಖಾಲಿಯಾದ ಜಾಗಕ್ಕೆ ಕರಗಿದ ಲೋಹ ಹೊಯ್ಯಬೇಕು. ಎಟ್ರುಸ್ಕ ಕಂಚುಗಾರ ಬೆಕ್ಕು, ಪಾರಿವಾಳ ಮಾಡಿದ್ದೂ ಮೇಣದ ಇದೇ ದಾರಿಯಲ್ಲಿ. ಧೂಪದ ರಸಿಕತೆಯೂ ಎರಕದ ವಿದ್ಯೆಯೂ ಒಂದೇ ಪುಸ್ತಕದಲ್ಲಿ, ನಮ್ಮ ಮಗ್ಗುಲಲ್ಲೇ ಇದ್ದವು ಅಂದಮೇಲೆ ಪಾತ್ರೆಗಳು ಇದ್ದೇ ಇದ್ದವು. ಪ್ರಶ್ನೆ ಇರೋದು ಅವು ಯಾಕೆ ಉಳಿಯಲಿಲ್ಲ ಅನ್ನೋದು.

ಉಳಿಯದೇ ಇರೋದಕ್ಕೆ ಕಾರಣ

ಮೊದಲನೆಯದು ಬಳಕೆ. ಧೂಪದ ಪಾತ್ರೆ ದಿನಾ ಎರಡು ಹೊತ್ತು ಕಾಯುತ್ತದೆ, ತಣಿಯುತ್ತದೆ. ಕೆಂಡ ಸುರಿದು ಸುರಿದು ತಳ ತೆಳುವಾಗುತ್ತದೆ, ಹಿಡಿಕೆಯ ಬೆಸುಗೆ ಬಿಡುತ್ತದೆ. ಮೇಲೆ ಅಂಟಿನ ಜಿಡ್ಡು ಕೂರುತ್ತದೆ, ಅದನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಾರೆ. ಪ್ರತಿ ತಿಕ್ಕಿಗೂ ಲೋಹ ಒಂದಿಷ್ಟು ಸವೆಯುತ್ತದೆ.

ಎರಡನೆಯದು ನಂಬಿಕೆ. ಒಡಕು ಪಾತ್ರೆ ದೇವರ ಸೇವೆಗೆ ಸಲ್ಲದು. ಒಡೆದದ್ದನ್ನು ಎಸೆಯಲಿಕ್ಕೂ ಮನಸ್ಸಿಲ್ಲ, ಅದು ದೇವರ ಸೊತ್ತು. ಹಾಗಾದರೆ ದಾರಿ ಒಂದೇ, ಕಂಚುಗಾರನ ಹತ್ತಿರ ಹೋಗಿ ಕರಗಿಸಿ ಹೊಸದು ಮಾಡಿಸುವುದು. ನಮ್ಮ ಶಾಸನಗಳಲ್ಲೇ ಇದಕ್ಕೆ ಹೋಲುವ ಮಾತಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಮುರಿದದ್ದು, ಬಿರಿದದ್ದು, ಹಳೆಯದಾದದ್ದನ್ನು ಸರಿಪಡಿಸುವ ಖರ್ಚು. ಅದನ್ನು ಹೇಳಿದ್ದು ಕಟ್ಟಡದ ಬಗ್ಗೆ, ಆದರೆ ಮನೋಭಾವ ಪಾತ್ರೆಗೂ ಅದೇ. ಉಳಿಯಬೇಕಾದದ್ದು ಸೇವೆ. ವಸ್ತು ಬದಲಾದರೂ ನಡೆಯುತ್ತದೆ. ಹಾಗೆ ನೋಡಿದರೆ ಇವತ್ತು ಗುಡಿಯಲ್ಲಿ ಹೊಗೆಯಾಡುವ ಹಿತ್ತಾಳೆಯ ಧೂಪಾರತಿಯಲ್ಲಿ ಎಷ್ಟು ಹಳೆಯ ಲೋಹ ಸೇರಿದೆಯೋ ಹೇಳುವವರು ಯಾರು!

ಮೂರನೆಯದು ನಮ್ಮಲ್ಲಿ ಗೋರಿಯೊಳಗೆ ಪಾತ್ರೆ ಇಡುವ ಪದ್ಧತಿ ಆ ಕಾಲಕ್ಕೆ ಇರಲಿಲ್ಲ. ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಮಡಕೆ, ಕಬ್ಬಿಣ ಇಡುತ್ತಿದ್ದರು, ಅದು ಬೇರೆ ಕಾಲ. ಚಾಲುಕ್ಯರ ಕಾಲದ ಗುಡಿಯ ಕಂಚಿಗೆ ನೆಲದ ಕೆಳಗಿನ ಆಸರೆ ಸಿಗಬೇಕಾದರೆ ಯಾರಾದರೂ ಹೆದರಿ ಹೂಳಬೇಕಿತ್ತು.

ಪಾತ್ರೆಯೇ ಉಳಿಯಬಾರದು ಅನ್ನೋ ಧೂಪವೂ ನಮ್ಮಲ್ಲಿದೆ. ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಮದುವೆಯಂಥ ಶುಭಕಾರ್ಯಕ್ಕೆ ಗುಗ್ಗಳ ತೆಗೆಯುತ್ತಾರಲ್ಲ, ಅದು. ಮಣ್ಣಿನ ಕೊಡದಲ್ಲಿ ಬೆಂಕಿ, ಅದಕ್ಕೆ ಧೂಪ ಹಾಕುತ್ತಾ ಹೊತ್ತು ನಡೆಯುತ್ತಾರೆ, ಮುಂದೆ ಪುರವಂತರ ಒಡಪು, ಸಂಬಾಳದ ಸದ್ದು. ಆ ಆಚರಣೆಯ ಹೆಸರೇ ಗುಗ್ಗುಳದಿಂದ ಬಂದದ್ದು, ಐನೂರ್ವರ ಸರಕಿನ ಪಟ್ಟಿಯಲ್ಲಿ ಈಗ ತಾನೇ ನೋಡಿದೆವಲ್ಲ, ಅದೇ ಪದ. ಕೆಲಸ ಮುಗಿದ ಮೇಲೆ ಮಣ್ಣಿನದು ಮಣ್ಣಿಗೆ. ಪದ ಮಾತ್ರ ಒಂಬೈನೂರು ವರ್ಷ ದಾಟಿ ನಮ್ಮ ಬಾಯಲ್ಲಿ ಕುಳಿತಿದೆ.

ಪಾತ್ರೆಗಿಂತ ಗಟ್ಟಿ ಪದಗಳು

ಪದದ ಮಾತು ಬಂತು, ಅದನ್ನೇ ಸ್ವಲ್ಪ ಮುಂದುವರಿಸುತ್ತೇನೆ. ಕಲ್ಲು ಹೇಳದ ಚರಿತ್ರೆಯನ್ನು ನಮ್ಮ ಕಡೆಯ ಮಾತು ಹೇಳುತ್ತದೆ.

ಕಲಬುರಗಿ ೧೩೪೭ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾಯಿತು. ಖ್ವಾಜಾ ಬಂದೇನವಾಜ್ ಗೇಸುದರಾಜ್ ಇಲ್ಲಿಗೆ ಬಂದು ನೆಲೆಸಿ ೧೪೨೨ರಲ್ಲಿ ತೀರಿಕೊಂಡರು. ಅವರ ದರ್ಗಾ, ಆಳಂದದ ಲಾಡ್ಲೆ ಮಶಾಯಕ ದರ್ಗಾ, ಇತ್ತ ಅಫಜಲಪುರ ತಾಲ್ಲೂಕಿನಲ್ಲಿ ಅಮರ್ಜಾ ಹೊಳೆ ಭೀಮೆಗೆ ಸೇರುವ ಕಡೆ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರ. ಮೂರು ಕಡೆಯೂ ಹೊಗೆಯ ವಾಸನೆ ಇದೆ, ಮೂರು ಕಡೆಯೂ ಎಲ್ಲ ಜಾತಿಯ ಜನ ಹೋಗುತ್ತಾರೆ. ಅಲ್ಲಿ ಕೇಳಿಬರುವ ಪದಗಳನ್ನು ಒಂದೊಂದಾಗಿ ನೋಡಿ.

ಧೂಪ ಸಂಸ್ಕೃತದ್ದು. ಲೋಬಾನ ಅರಬ್ಬಿಯ ಲುಬಾನ್. ಅದರ ಮೂಲದಲ್ಲಿ ಬಿಳುಪು, ಹಾಲು ಅನ್ನೋ ಅರ್ಥ ಇದೆ, ಯಾಕಂದರೆ ಅಂಟು ಮರದಿಂದ ಹಾಲಿನ ಹಾಗೆ ಒಸರುತ್ತದೆ. ಮೂಲದಲ್ಲಿ ಅದು ದಕ್ಷಿಣ ಅರೇಬಿಯಾ ಮತ್ತು ಆಫ್ರಿಕಾದ ಕೊಂಬಿನ ಅಂಟಿನ ಹೆಸರು. ಮೆಡಿಟರೇನಿಯನ್ ನಾಡುಗಳಿಗೆ ಧೂಪವಾಗಿ ಹೋಗುತ್ತಿದ್ದದ್ದೂ ಆ ಕಡೆಯ ಅಂಟೇ. ನಮ್ಮ ಅಂಗಡಿಯಲ್ಲಿ ಈಗ ಲೋಬಾನ ಅಂತ ಕೊಡೋದು ಹೆಚ್ಚಾಗಿ ಸುಮಾತ್ರಾ ಕಡೆಯ ಬೇರೆ ಮರದ ಅಂಟು. ಅರಬ್ಬರು ಅದಕ್ಕೆ ಜಾವಾದ ಲುಬಾನ್ ಅಂತ ಕರೆದರು, ಹೆಸರು ಅಲ್ಲಿಂದ ಇಲ್ಲಿಗೆ ಜಾರಿತು. ಊದಿನಕಡ್ಡಿಯ ಊದು ಕೂಡ ಅರಬ್ಬಿಯದೇ, ಅಗರು ಮರ ಅಂತ ಅರ್ಥ. ಇನ್ನು ಧೂಪದಾನಿ. ಇದರಲ್ಲಿ ತಲೆ ಸಂಸ್ಕೃತದ್ದು, ಬಾಲ ಪಾರಸಿಯದು. ಅತ್ತರದಾನಿ, ಪೀಕದಾನಿ ಇದ್ದ ಹಾಗೆ. ಗಡಿ ದಾಟಿ ಅಕ್ಕಲಕೋಟೆ ಕಡೆ ಹೋದರೆ ಮರಾಠಿಯಲ್ಲಿ ಅದೇ ಪಾತ್ರೆ ಧುಪಾಟಣೆ. ಒಂದು ಚಿಕ್ಕ ಪಾತ್ರೆಯ ಸುತ್ತ ನಾಲ್ಕು ಭಾಷೆ ಕುಳಿತಿವೆ.

ಪಾತ್ರೆಯ ಮೈಮೇಲೇ ಬರಹ

ಎಟ್ರುಸ್ಕರ ಸುಥಿನಾ ಪಾತ್ರೆಯ ಮೈಮೇಲಿತ್ತು. ನಮ್ಮ ದಾನದ ಮಾತು ಕಲ್ಲಿನ ಮೇಲಿತ್ತು. ಹಾಗಾದರೆ ನಮ್ಮಲ್ಲಿ ವಸ್ತುವಿನ ಮೇಲೇ ಬರೆಯುವುದು ಇರಲಿಲ್ಲವೇ? ಇತ್ತು. ಭೀಮೆಯ ದಂಡೆಯಲ್ಲೇ, ಸನ್ನತಿ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಕೊಡುಗೆಯ ಕಲ್ಲುಹಲಗೆಗಳ ಮೇಲೇ ಕೊಟ್ಟವರ ಹೆಸರು ಬ್ರಾಹ್ಮಿ ಅಕ್ಷರದಲ್ಲಿದೆ. ರಾಯೋ ಅಸೋಕೋ ಅಂತ ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕದ್ದೂ ಅಲ್ಲೇ.

ಲೋಹಕ್ಕೆ ಬಂದರೆ, ತಂಜಾವೂರಿನ ಬೃಹದೀಶ್ವರದಲ್ಲಿ ರಾಜರಾಜ ಚೋಳ ದೇವರಿಗೆ ಕೊಟ್ಟ ಚಿನ್ನ ಬೆಳ್ಳಿಯ ಪಾತ್ರೆಗಳ ಹೆಸರು, ತೂಕ ಎಲ್ಲ ಗುಡಿಯ ಗೋಡೆಯ ಮೇಲಿದೆ. ಅಲ್ಲೂ ಪಾತ್ರೆ ಹೋಗಿದೆ, ಲೆಕ್ಕ ಉಳಿದಿದೆ. ಪಾತ್ರೆಯ ಮೈಮೇಲೇ ಬರೆದದ್ದಕ್ಕೆ ಹಳೆ ಮೈಸೂರಿನಲ್ಲಿ ಉದಾಹರಣೆ ಇದೆ. ನಂಜನಗೂಡು ತಾಲ್ಲೂಕಿನ ಕಳಲೆಯ ಲಕ್ಷ್ಮೀಕಾಂತ ಗುಡಿಯ ಬೆಳ್ಳಿ ಪಾತ್ರೆಗಳು ಟಿಪ್ಪು ಸುಲ್ತಾನನ ಕೊಡುಗೆ ಅಂತ ಗೊತ್ತಾದದ್ದು ಅವುಗಳ ಮೇಲಿನ ಬರಹದಿಂದ. ಮೈಸೂರು ಪುರಾತತ್ವ ಇಲಾಖೆಯವರು ಕಲ್ಲಿನ ಜೊತೆಗೆ ಗಂಟೆ, ವಿಗ್ರಹ, ಪಾತ್ರೆಗಳ ಬರಹವನ್ನೂ ನಕಲು ಮಾಡಿದ್ದರಿಂದ ಇಂಥವು ದಾಖಲೆ ಸೇರಿದವು.

ಧೂಪದ ಪಾತ್ರೆಯ ಮೇಲಿನ ಬರಹಕ್ಕೆ ಜಗತ್ತಿನಲ್ಲೇ ಒಳ್ಳೆಯ ಉದಾಹರಣೆ ಇರಾನಿನದು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಸಿಂಹದ ಆಕಾರದ ದೊಡ್ಡ ಕಂಚಿನ ಧೂಪಪಾತ್ರೆ ಇದೆ, ಸುಮಾರು ೮೫ ಸೆಂಟಿಮೀಟರು ಎತ್ತರ. ತಲೆ ಬಿಚ್ಚಿ ಒಳಗೆ ಕೆಂಡ, ಧೂಪ ಇಡಬೇಕು. ಮೈಯ ತೂತುಗಳಿಂದ ಹೊಗೆ ಬರುತ್ತದೆ. ಮೈಮೇಲೆ ಅರಬ್ಬಿ ಲಿಪಿಯಲ್ಲಿ ಮಾಡಿಸಿದ ಅಮೀರನ ಹೆಸರು, ಮಾಡಿದ ಕಸುಬುದಾರ ಜಾಫರ್ ಇಬ್ನ್ ಮುಹಮ್ಮದ್ ಇಬ್ನ್ ಅಲಿಯ ಹೆಸರು, ಹಿಜರಿ ೫೭೭ ಅನ್ನೋ ವರ್ಷ. ಅಂದರೆ ಕ್ರಿ.ಶ. ೧೧೮೧–೮೨. ಆಗ ನಮ್ಮಲ್ಲಿ ಕಲಚುರಿಗಳ ಆಳ್ವಿಕೆಯ ಕಡೆಯ ದಿನಗಳು. ಅದೇ ವರ್ಷಗಳಲ್ಲಿ ಭೀಮಾತೀರದ ಯಾವುದೋ ಗುಡಿಗೆ ಧೂಪಾರತಿ ಎರಕ ಹೊಯ್ದ ಕಂಚುಗಾರನೂ ಇದ್ದಿರಬೇಕು. ಅವನ ಹೆಸರು ನಮಗೆ ಇಲ್ಲ, ಜಾಫರನ ಹೆಸರು ಇದೆ. ಪಾತ್ರೆಯ ಮೇಲೆ ಬರೆಯುವುದಕ್ಕೂ ಬರೆಯದಿರುವುದಕ್ಕೂ ಇರುವ ವ್ಯತ್ಯಾಸ ಇಷ್ಟು.

ನಿಮ್ಮ ಊರಿನ ಧೂಪಾರತಿಯನ್ನು ಓದುವುದು ಹೇಗೆ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಕಲ್ಲುಗಳನ್ನು ಪಿ. ಬಿ. ದೇಸಾಯಿ ಅವರಂಥವರು ಓದಿ ಪ್ರಕಟಿಸಿದರು. ಅವರ ಸಂಪುಟ ೧೯೫೮ರಲ್ಲಿ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಬಂತು. ಅವರ ಗಮನ ಸಹಜವಾಗಿಯೇ ಕಲ್ಲಿನ ಮೇಲೆ. ನೂರು ನೂರೈವತ್ತು ವರ್ಷದ ಹಿತ್ತಾಳೆಯ ಮೇಲೆ ಎರಡು ಸಾಲು ಇದ್ದರೆ ಅದನ್ನು ಶಾಸನ ಅಂತ ಯಾರು ಎಣಿಸುತ್ತಾರೆ? ನನ್ನ ಮಟ್ಟಿಗೆ ಅದೂ ಶಾಸನವೇ. ಒಬ್ಬರು ಒಂದು ವಸ್ತುವನ್ನು ಒಂದು ದೇವರಿಗೆ ಕೊಟ್ಟು, ಅದನ್ನು ನಾಲ್ಕು ಜನರಿಗೆ ತಿಳಿಯುವ ಹಾಗೆ ಬರೆಸಿದ್ದಾರೆ. ಸಾವಿರ ವರ್ಷದ ಹಿಂದಿನ ದಾನಶಾಸನದಲ್ಲಿ ಇರೋದೂ ಅದೇ ತಾನೆ.

ಗುಡಿ, ಮಠ, ದರ್ಗಾಗಳ ಧೂಪಾರತಿ, ಗಂಟೆ, ಹಂಡೆ, ತಂಬಿಗೆಗಳ ಮೇಲೆ ಹೆಸರು ಹಾಕಿಸುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಹೆಚ್ಚಾಗಿ ಚುಕ್ಕಿ ಚುಕ್ಕಿಯಾಗಿ ಉಳಿಯಿಂದ ಕುಟ್ಟಿದ ಅಕ್ಷರ. ಇಂಥವರು ಇಂಥ ದೇವರಿಗೆ ಕೊಟ್ಟದ್ದು, ಸೇವಾ, ಭಕ್ತಿ, ಕಾಣಿಕೆ ಅನ್ನೋ ಮಾದರಿಯ ಮಾತು. ನೋಡಬೇಕಾದ ಜಾಗ ಮೂರು: ಬಟ್ಟಲಿನ ಹೊರಗಿನ ಅಂಚು, ಹಿಡಿಕೆಯ ಕೆಳಭಾಗ, ಪೀಠದ ತಳ.

ಲಿಪಿ ಯಾವುದು ಅಂತ ಮೊದಲು ಗುರುತಿಸಿ. ಕನ್ನಡ, ಮರಾಠಿಯ ಬಾಳಬೋಧ, ಮೋಡಿ, ಉರ್ದು ಈ ನಾಲ್ಕರಲ್ಲಿ ಯಾವುದಾದರೂ ಆಗಿರಬಹುದು. ಓದಲಿಕ್ಕೆ ಬರದಿದ್ದರೆ ಚಿತ್ರ ತೆಗೆದಿಡಿ, ಊಹೆ ಮಾಡಬೇಡಿ.

ವರ್ಷ ಇದ್ದರೆ ಯಾವ ಶಕೆ ಅಂತ ನೋಡಿ. ಶಾಲಿವಾಹನ ಶಕೆಗೆ ೭೮ ಕೂಡಿಸಿದರೆ ಕ್ರಿಸ್ತಶಕ. ನಿಜಾಮರ ಕಾಲದ ದಾಖಲೆಗಳಲ್ಲಿ ಫಸಲಿ ವರ್ಷ ಬರುತ್ತದೆ, ಅದಕ್ಕೆ ೫೯೦ ಕೂಡಿಸಬೇಕು. ಫಸಲಿ ೧೩೪೦ ಅಂದರೆ ೧೯೩೦–೩೧. ಇದು ತಿಳಿಯದೆ ೧೩೪೦ ಅನ್ನೋದನ್ನು ಕ್ರಿಸ್ತಶಕ ಅಂತ ಓದಿದರೆ ಪಾತ್ರೆ ಒಮ್ಮೆಲೇ ಬಹಮನಿಗಳಿಗಿಂತ ಹಳೆಯದಾಗಿಬಿಡುತ್ತದೆ! ಹಿಜರಿಗೆ ಹೀಗೆ ನೇರವಾಗಿ ಕೂಡಿಸೋದು ಆಗೋದಿಲ್ಲ. ಅದು ಚಾಂದ್ರಮಾನದ ವರ್ಷ, ಸೌರವರ್ಷಕ್ಕಿಂತ ಸುಮಾರು ೧೧ ದಿನ ಕಡಿಮೆ. ಕೋಷ್ಟಕ ನೋಡಬೇಕು.

ವರ್ಷ ಇಲ್ಲದಿದ್ದರೆ ತೂಕ ಇದೆಯೇ ನೋಡಿ. ಸೇರು, ತೊಲಿ ಅಂತ ಇದ್ದರೆ ಕಿಲೋ ಲೆಕ್ಕ ರೂಢಿಗೆ ಬರುವ ಮುಂಚಿನದು, ಅಂದರೆ ಸುಮಾರಾಗಿ ೧೯೬೦ರ ದಶಕಕ್ಕಿಂತ ಹಿಂದಿನದು ಅಂತ ಎಣಿಸಬಹುದು. ಬರಹ ಒಂದು, ಪಾತ್ರೆ ಒಂದು ಅನ್ನೋದನ್ನೂ ಮರೆಯಬೇಡಿ. ಹಳೆಯ ಪಾತ್ರೆಯ ಮೇಲೆ ಹೊಸಬರು ಹೆಸರು ಹಾಕಿಸಿರಬಹುದು. ಬರಹದಿಂದ ಬರಹದ ಕಾಲ ಮಾತ್ರ ತಿಳಿಯುತ್ತದೆ.

ಚಿತ್ರ ತೆಗೆಯುವ ಮುಂಚೆ ಪಾತ್ರೆ ತಿಕ್ಕಬೇಡಿ. ಅಕ್ಷರದ ಕುಳಿಯಲ್ಲಿ ಕುಳಿತ ಕಪ್ಪೇ ಅಕ್ಷರವನ್ನು ಎದ್ದು ಕಾಣಿಸುತ್ತದೆ. ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಮೊಬೈಲಿನ ಟಾರ್ಚ್ ಸಾಕು. ಅಳತೆಗೆ ಒಂದು ಸ್ಕೇಲು ಇಡಿ. ಸುಣ್ಣ, ಬಣ್ಣ, ಎಣ್ಣೆ ಏನೂ ಹಚ್ಚಬೇಡಿ. ಪೂಜಾರಿಗಳು, ಮುಜಾವರರು, ಮಠದವರು ಒಪ್ಪಿದರೆ ಮಾತ್ರ ಮುಟ್ಟಿ. ಅದು ಬಳಕೆಯಲ್ಲಿರುವ ದೇವರ ಪಾತ್ರೆ, ನಮಗೆ ವಸ್ತುವಾದರೂ ಅವರಿಗೆ ಸೇವೆ. ಯಾರು ಕೊಟ್ಟದ್ದು ಅಂತ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಬರಹದಲ್ಲಿ ಇರೋದಕ್ಕೆ ಬೆರೆಸದೆ ಬೇರೆ ಕಾಲಂನಲ್ಲಿ ಬರೆಯಿರಿ.

ಇದೆಲ್ಲ ಯಾಕೆ ಅಂದರೆ, ಕಲ್ಲಿನ ಮೇಲೆ ಮಹಾಮಂಡಲೇಶ್ವರರು, ದಂಡನಾಯಕರು, ಸೆಟ್ಟಿಗಳು ಇದ್ದಾರೆ. ಭೂಮಿ ಇದ್ದವರು ಭೂಮಿ ಕೊಟ್ಟರು, ಕಲ್ಲಿನಲ್ಲಿ ನಿಂತರು. ಹರಕೆ ತೀರಿತು ಅಂತ ಕಾಸು ಕೂಡಿಸಿ ಒಂದು ಹಿತ್ತಾಳೆಯ ಧೂಪಾರತಿ ಕೊಟ್ಟ ಹೆಣ್ಣುಮಗಳಿಗೆ ಕಲ್ಲು ಸಿಗಲಿಲ್ಲ. ಅವಳ ಹೆಸರು ಇದ್ದರೆ ಆ ಅಂಚಿನ ಮೇಲೆ ಮಾತ್ರ, ಚುಕ್ಕಿಗಳಲ್ಲಿ. ಆ ಅಂಚನ್ನು ನಾವು ಪ್ರತಿ ಹಬ್ಬಕ್ಕೂ ತಿಕ್ಕುತ್ತಿದ್ದೇವೆ. ಹಿಡಿಕೆ ಮುರಿದಾಗ ತೂಕಕ್ಕೆ ಹಾಕಿ ಗುಜರಿಗೆ ಕೊಡುತ್ತಿದ್ದೇವೆ, ಬದಲಿಗೆ ಸ್ಟೀಲಿನದು ತರುತ್ತಿದ್ದೇವೆ. ಮೊದಲು ಕರಗಿಸಿದರೂ ಅದೇ ಗುಡಿಗೆ ಹೊಸದಾಗಿ ವಾಪಸ್ ಬರುತ್ತಿತ್ತು. ಈಗ ಕರಗಿದ್ದು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ.

ಪಾತ್ರೆಗಳನ್ನೆಲ್ಲ ಕಪಾಟಿನಲ್ಲಿ ಇಡಿ ಅಂತ ನಾನು ಹೇಳೋದಿಲ್ಲ. ಸುಥಿನಾ ಅಂತ ಬರೆದು ಬದಿಗಿಡುವುದು ನಮ್ಮ ರೀತಿಯೂ ಅಲ್ಲ. ಧೂಪ ಹಾಕಲಿ, ಹೊಗೆಯಾಡಲಿ, ಸವೆದಾಗ ಹೊಸದು ಬರಲಿ. ಆದರೆ ಹಳೆಯದು ಗುಡಿಯ ಹೊಸ್ತಿಲು ದಾಟುವ ಮುಂಚೆ ಅದರ ಮೇಲಿನ ಎರಡು ಸಾಲನ್ನು ಒಂದು ಚಿತ್ರ, ಒಂದು ಹಾಳೆಯ ಮೇಲೆ ಇಳಿಸಿಕೊಂಡರೆ ಸಾಕು. ಶ್ರಾವಣ ಬರುವ ಮುಂಚೆ ಗುಡಿಯ ಪಾತ್ರೆಗಳನ್ನೆಲ್ಲ ಹೊರಗೆ ತೆಗೆದು ತೊಳೆಯುತ್ತಾರೆ. ಆ ದಿನ ನಿಮ್ಮ ಊರಿನ ಗುಡಿಗೆ ಹೋಗಿ, ಹುಣಸೆಹಣ್ಣು ಹಚ್ಚುವ ಮುಂಚೆ ಒಂದು ಸಲ ಅಂಚು ನೋಡಿ.